ಸುಂಟರಗಾಳಿ ಹೋದ ಮೇಲೆ: ಮನೆ ಕಳೆದುಕೊಂಡವರು ಮಾಡಬೇಕಾದ ಕೆಲಸಗಳು

2011ರ ಮೇ 22, ಭಾನುವಾರ. ಅಮೆರಿಕದ ಮಿಸೌರಿ ರಾಜ್ಯದ ಜಾಪ್ಲಿನ್ ಸುಮಾರು 50 ಸಾವಿರ ಜನರ ಊರು. ನಮ್ಮ ಕಡೆ ಒಂದು ತಾಲ್ಲೂಕು ಕೇಂದ್ರ ಇದ್ದ ಹಾಗೆ. ಸಂಜೆ ಐದೂವರೆ ದಾಟಿದ ಮೇಲೆ ಸುಮಾರು ಒಂದು ಮೈಲಿ ಅಗಲದ ಸುಂಟರಗಾಳಿ ಊರನ್ನು ಸೀಳಿಕೊಂಡು ಹೋಯಿತು. ತೀವ್ರತೆಯಲ್ಲಿ ಅದು ಅತಿ ಮೇಲಿನ ದರ್ಜೆ, ಇಎಫ್-5. 150ಕ್ಕೂ ಹೆಚ್ಚು ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಸುಮಾರು 7,500 ಮನೆಗಳಿಗೆ ಹಾನಿಯಾಯಿತು. ಅಲ್ಲಿನ ದೊಡ್ಡ ಆಸ್ಪತ್ರೆಯೊಂದರಿಂದ ಹಾರಿದ ಎಕ್ಸ್-ರೇ ಹಾಳೆಗಳು ಹತ್ತಾರು ಮೈಲಿ ದೂರದ ಹೊಲಗಳಲ್ಲಿ ಸಿಕ್ಕವು.

ನಾನು ವೃತ್ತಿಯಲ್ಲಿ ಅಕೌಂಟೆಂಟ್. ಗಾಳಿಯ ವಿಜ್ಞಾನ ನನಗೆ ಗೊತ್ತಿಲ್ಲ, ಕಾಗದಪತ್ರದ ಕೆಲಸ ಗೊತ್ತು. ಡಲ್ಲಾಸ್, ಸೇಂಟ್ ಲೂಯಿಸ್, ಕಾನ್ಸಾಸ್ ಸಿಟಿ, ನ್ಯಾಶ್‌ವಿಲ್ ಕಡೆ ಇರುವ ನಮ್ಮವರೆಲ್ಲ ಸುಂಟರಗಾಳಿ ಬೀಸುವ ಜಾಗದಲ್ಲೇ ಇದ್ದೀರಿ. ಅಲ್ಲಿನ ಅಮೆರಿಕನ್ನರಿಗೂ ನಮಗೂ ಒಂದು ವ್ಯತ್ಯಾಸ ಇದೆ. ಅವರ ಮನೆ ಹೋದರೆ ಮನೆ ಮಾತ್ರ ಹೋಯಿತು. ನಮಗೆ ಮನೆಯ ಜೊತೆ ಈ ದೇಶದಲ್ಲಿ ಇರುವ ಹಕ್ಕಿನ ಕಾಗದವೂ ಹೋಗಬಹುದು. ಆದ್ದರಿಂದ ಈ ಪಾಠವನ್ನು ಗಾಳಿ ಬರುವ ಮೊದಲೇ ಓದಿಕೊಳ್ಳಿ.

1. ಮೊದಲ ದಿನ

ಗ್ಯಾಸ್ ವಾಸನೆ ಬಂದರೆ ಒಳಗೆ ಹೋಗಬೇಡಿ. ಬಿದ್ದ ತಂತಿ ಮುಟ್ಟಬೇಡಿ. ಊರಿಗೆ ಕಾಲ್ ಮಾಡಲು ಲೈನ್ ಸಿಗದಿರಬಹುದು, ಮೆಸೇಜ್ ಹೋಗುತ್ತದೆ. "ಕ್ಷೇಮವಾಗಿದ್ದೇವೆ" ಅಂತ ಒಂದು ಸಾಲು ಕಳಿಸಿ.

ಸಣ್ಣ ಗಾಯ ಅಂತ ಸುಮ್ಮನಿರಬೇಡಿ. ಜಾಪ್ಲಿನ್‌ನಲ್ಲಿ ಗಾಯದೊಳಗೆ ಮಣ್ಣು, ಮರದ ಚೂರು ಸೇರಿ 13 ಜನರಿಗೆ ಶಿಲೀಂಧ್ರದ ಸೋಂಕು ತಗುಲಿತು. ಅವರಲ್ಲಿ 5 ಜನ ತೀರಿಕೊಂಡರು. ಕೊರೊನಾ ಕಾಲದಲ್ಲಿ ನಮ್ಮೂರಲ್ಲಿ ಕಪ್ಪು ಶಿಲೀಂಧ್ರ ಅಂತ ಕೇಳಿದ್ದಿರಲ್ಲ, ಅದೇ ಗುಂಪಿನ ರೋಗ. ಗಾಯವನ್ನು ಡಾಕ್ಟರಿಗೆ ತೋರಿಸಿ, ಟೆಟನಸ್ ಇಂಜೆಕ್ಷನ್ ಬೇಕಾ ಅಂತ ಕೇಳಿ.

ಏನನ್ನೂ ಗುಡಿಸಿ ಎಸೆಯುವ ಮೊದಲು ಫೋಟೋ ತೆಗೆಯಿರಿ. ಪ್ರತಿ ಕೋಣೆ, ಪ್ರತಿ ಗೋಡೆ, ಕಾರಿನ ನಾಲ್ಕೂ ಕಡೆ.

2. ಇನ್ಶೂರೆನ್ಸ್

ಬಾಡಿಗೆ ಮನೆಯಲ್ಲಿರುವವರು ಇಲ್ಲೇ ಹೆಚ್ಚು ಮೋಸಹೋಗುವುದು. "ಬಿಲ್ಡಿಂಗಿಗೆ ಓನರ್ ಇನ್ಶೂರೆನ್ಸ್ ಇದೆಯಲ್ಲ" ಅಂತ ಅಂದುಕೊಳ್ಳುತ್ತೀರಿ. ಅದು ಕಟ್ಟಡಕ್ಕೆ ಮಾತ್ರ. ನಿಮ್ಮ ಮಂಚ, ಲ್ಯಾಪ್‌ಟಾಪ್, ಬಟ್ಟೆಬರೆಗೆ ನೀವೇ ರೆಂಟರ್ಸ್ ಇನ್ಶೂರೆನ್ಸ್ ಮಾಡಿಸಿರಬೇಕು. ಕಾರಿಗೆ ಬರೀ ಲಯಬಿಲಿಟಿ ಇದ್ದರೆ ಗಾಳಿಯ ಹಾನಿಗೆ ದುಡ್ಡು ಬರುವುದಿಲ್ಲ, ಕಾಂಪ್ರಿಹೆನ್ಸಿವ್ ಬೇಕು.

ಒಂದು ಲೆಕ್ಕ ಹಾಕೋಣ. ನಿಮ್ಮ ಮನೆಯಲ್ಲಿ 15,000 ಡಾಲರ್ ಬೆಲೆಯ ಸಾಮಾನು ಇತ್ತು, ಡಿಡಕ್ಟಿಬಲ್ 500 ಅಂತಿಟ್ಟುಕೊಳ್ಳಿ. ಪೂರ್ತಿ ಪಟ್ಟಿ ಇದ್ದರೆ 14,500 ಕೇಳಬಹುದು. ಪಟ್ಟಿ ಇಲ್ಲದೆ ಶೆಲ್ಟರಿನಲ್ಲಿ ಕೂತು ನೆನಪಿನಿಂದ ಬರೆದರೆ 9,000ದಷ್ಟೇ ಹೊಳೆಯಿತು ಅನ್ನಿ. ಆಗ ಕೇಳುವುದು 8,500. ಅಂದರೆ ಮರೆತ ಕುಕ್ಕರ್, ಮಿಕ್ಸಿ, ಚಳಿಗಾಲದ ಕೋಟು, ಮಕ್ಕಳ ಸೈಕಲ್ ಸೇರಿ 6,000 ಡಾಲರ್ ನೀವಾಗಿಯೇ ಬಿಟ್ಟ ಹಾಗಾಯಿತು.

ಪಾಲಿಸಿಯಲ್ಲಿ ಎರಡು ವಿಷಯ ನೋಡಿ. ಹೊಸ ಸಾಮಾನಿನ ಬೆಲೆ ಕೊಡುತ್ತಾರೋ, ಹಳೆಯದಾದಷ್ಟು ಕಳೆದು ಕೊಡುತ್ತಾರೋ? ಮನೆ ವಾಸಕ್ಕೆ ಆಗದಿದ್ದರೆ ಹೋಟೆಲ್ ಬಾಡಿಗೆ ಕೊಡುತ್ತಾರೋ? ಕೊಡುವುದಾದರೆ ಮೊದಲ ರಾತ್ರಿಯಿಂದಲೇ ಪ್ರತಿ ರಸೀದಿ ಇಟ್ಟುಕೊಳ್ಳಿ. ಅಡ್ಜಸ್ಟರ್ ಜೊತೆ ಮಾತಾಡಿದ ದಿನ, ಹೆಸರು, ಹೇಳಿದ ಮಾತು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

3. ಸರ್ಕಾರದ ಸಹಾಯ: ಯಾವ ವೀಸಾದವರಿಗೆ ಏನು

ಇದನ್ನು ನಿಧಾನವಾಗಿ ಓದಿ. ಶೆಲ್ಟರ್, ಊಟ, ನೀರು, ತುರ್ತು ಚಿಕಿತ್ಸೆ ಇವಕ್ಕೆ ವೀಸಾ ಅಡ್ಡ ಬರುವುದಿಲ್ಲ. ರೆಡ್ ಕ್ರಾಸ್ ಶೆಲ್ಟರಿಗೆ ಧೈರ್ಯವಾಗಿ ಹೋಗಿ.

ನಗದು ಸಹಾಯದ ನಿಯಮ ಬೇರೆ. ಫೆಡರಲ್ ಸರ್ಕಾರದ ವಿಪತ್ತು ಸಂಸ್ಥೆಯಾದ ಫೆಮಾ ನಗದು ಕೊಡುವುದು ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ, ನಿರಾಶ್ರಿತರಂಥ ಇನ್ನು ಕೆಲವು ವರ್ಗದವರಿಗೆ. ಹೆಚ್-1ಬಿ, ಎಲ್-1, ಎಫ್-1 ಇರುವವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ನಿಮ್ಮ ಜೊತೆ ಅಮೆರಿಕದಲ್ಲೇ ಹುಟ್ಟಿದ ಮಗು ಇದ್ದರೆ, ಆ ಮಗುವಿನ ಪರವಾಗಿ ತಂದೆ ಅಥವಾ ತಾಯಿ ಅರ್ಜಿ ಹಾಕಲು ದಾರಿ ಇದೆ. ಮಗುವಿನ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕಾಗುತ್ತದೆ. ಇದು ಗೊತ್ತಿಲ್ಲದೆ ಸುಮ್ಮನೆ ಕೂರಬೇಡಿ. ಅರ್ಜಿ ಹಾಕುವ ದಿನ ಆಗಿನ ನಿಯಮ ಕೇಳಿ ಖಚಿತ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಗಡಿಬಿಡಿಯಲ್ಲಿ ಯಾರೋ "ಪ್ರಜೆ ಅಂತ ಟಿಕ್ ಮಾಡಿ, ಯಾರೂ ನೋಡಲ್ಲ" ಅನ್ನುತ್ತಾರೆ. ಮಾಡಬೇಡಿ. ಪ್ರಜೆಯಲ್ಲದವರು ಪ್ರಜೆ ಎಂದು ಸಹಿ ಹಾಕಿದರೆ ಮುಂದೆ ಗ್ರೀನ್ ಕಾರ್ಡಿನ ದಾರಿಯೇ ಮುಚ್ಚಬಹುದು. ಕೆಲವು ಸಾವಿರ ಡಾಲರಿಗೆ ಹತ್ತು ವರ್ಷದ ಶ್ರಮ ಕಳೆದುಕೊಳ್ಳಬೇಡಿ.

ಫೆಮಾದಿಂದ "ಇಲ್ಲ" ಅಂತ ಪತ್ರ ಬಂದರೂ ಪೂರ್ತಿ ಓದಿ. ಎಷ್ಟೋ ಸಲ ಇನ್ಶೂರೆನ್ಸ್ ಪತ್ರ ಅಥವಾ ಒಂದು ಗುರುತಿನ ದಾಖಲೆ ಸೇರಿಸಿಲ್ಲ ಅಂತಷ್ಟೇ ಇರುತ್ತದೆ. ಆ ಪತ್ರದ ದಿನಾಂಕದಿಂದ 60 ದಿನದೊಳಗೆ ಅಪೀಲು ಹಾಕಬಹುದು.

4. ವೀಸಾ ಕಾಗದ, ವಿಳಾಸ, ಕೆಲಸ

ಬೇರೆ ಮನೆಗೆ ಹೋದಿರಾ? 10 ದಿನದೊಳಗೆ ಎಆರ್-11 ಮೂಲಕ ಇಮಿಗ್ರೇಶನ್ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು. ಗಲಾಟೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಪಾಸ್‌ಪೋರ್ಟ್ ಸಿಗದಿದ್ದರೆ ಪೊಲೀಸ್ ರಿಪೋರ್ಟ್ ಮಾಡಿಸಿ ಭಾರತೀಯ ಕಾನ್ಸುಲೇಟ್ ವ್ಯವಸ್ಥೆಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ. ಐ-797 ಹೋಗಿದ್ದರೆ ಕಂಪನಿಯ ವಕೀಲರ ಹತ್ತಿರ ಪ್ರತಿ ಕೇಳಿ.

ಕೆಲಸದ ಜಾಗವೇ ಮುಚ್ಚಿದರೆ "ನಾನು ಇನ್ನೂ ಪೇರೋಲ್‌ನಲ್ಲಿ ಇದ್ದೇನಾ?" ಎಂದು ಇಮೇಲಿನಲ್ಲಿ ಕೇಳಿ ಉತ್ತರ ತೆಗೆದುಕೊಳ್ಳಿ. ಹೆಚ್-1ಬಿ ಕೆಲಸ ನಿಂತರೆ ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನದ ಅವಕಾಶ, ಅದೂ ಐ-94 ಅವಧಿ ಅದಕ್ಕೆ ಮೊದಲೇ ಮುಗಿಯದಿದ್ದರೆ. ಕಸ ತೆಗೆಯುವ ಕೆಲಸಕ್ಕೆ ಕ್ಯಾಶ್ ಕೊಡುತ್ತೇವೆ ಅಂದರೆ ಒಪ್ಪಬೇಡಿ, ಅದು ಅನುಮತಿ ಇಲ್ಲದ ದುಡಿಮೆ. ಸೇವಾಸಂಸ್ಥೆಯ ಜೊತೆ ದುಡ್ಡು ತೆಗೆದುಕೊಳ್ಳದೆ ಕೈಜೋಡಿಸುವುದು ಬೇರೆ ವಿಷಯ.

5. ತೆರಿಗೆ

ಫೆಡರಲ್ ವಿಪತ್ತು ಅಂತ ಘೋಷಣೆಯಾದ ಜಾಗದಲ್ಲಿ ಇನ್ಶೂರೆನ್ಸ್ ತುಂಬಿಕೊಡದ ನಷ್ಟವನ್ನು ಫಾರ್ಮ್ 4684ರಲ್ಲಿ ತೋರಿಸಬಹುದು. ಕೆಲವು ಕಡಿತಗಳಿವೆ, ಎಲ್ಲರಿಗೂ ಲಾಭವಾಗುವುದಿಲ್ಲ. ಆದರೆ ಇದು ನೆರವಿನ ಹಣವಲ್ಲ, ತೆರಿಗೆ ಕಟ್ಟುವವರ ಲೆಕ್ಕ. ಹೆಚ್-1ಬಿ ಎಂಬ ಕಾರಣಕ್ಕೆ ತಪ್ಪುವುದಿಲ್ಲ. ಹಿಂದಿನ ವರ್ಷದ ರಿಟರ್ನಿನಲ್ಲಿ ತೋರಿಸಿ ಬೇಗ ರೀಫಂಡ್ ಪಡೆಯಲೂ ಅವಕಾಶ ಇದೆ. ಇನ್ಶೂರೆನ್ಸ್ ಇದ್ದೂ ಕ್ಲೇಮ್ ಮಾಡದಿದ್ದರೆ ಆ ಭಾಗದ ನಷ್ಟ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

6. ಎಲ್ಲರೂ ಸೇರಿ ಎದ್ದದ್ದು ಹೇಗೆ

ಜಾಪ್ಲಿನ್‌ನ ಹೈಸ್ಕೂಲು ನೆಲಸಮವಾಗಿತ್ತು. ಆದರೂ ಅದೇ ವರ್ಷದ ಆಗಸ್ಟ್ 17ರಂದು ನಿಗದಿಯಾದ ದಿನವೇ ಶಾಲೆ ತೆರೆಯಿತು. ಹಿರಿಯ ತರಗತಿಗಳ ಮಕ್ಕಳು ಒಂದು ಶಾಪಿಂಗ್ ಮಾಲ್‌ನ ಜಾಗದಲ್ಲಿ ಕೂತು ಓದಿದರು. ಹೊರ ಊರುಗಳಿಂದ ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಬಂದರು. ನನ್ನಂಥ ಲೆಕ್ಕದವರಿಗೆ ಹಿಡಿಸಿದ್ದು ಬೇರೆ ವಿಷಯ: ಬಂದವರ ಹೆಸರು, ದುಡಿದ ಗಂಟೆ ಎಲ್ಲ ಬರೆದಿಟ್ಟರು. ಫೆಡರಲ್ ನೆರವಿಗೆ ಸ್ಥಳೀಯವಾಗಿ ಹಾಕಬೇಕಿದ್ದ ಪಾಲಿಗೆ ಆ ಗಂಟೆಗಳ ಬೆಲೆಯನ್ನೇ ಜಮಾ ಹಿಡಿಯಲಾಯಿತು. ಬರೆದಿಡದಿದ್ದರೆ ಅಷ್ಟು ಜನರ ಬೆವರು ಲೆಕ್ಕಕ್ಕೇ ಬರುತ್ತಿರಲಿಲ್ಲ.

ನಿಮ್ಮ ಕನ್ನಡ ಕೂಟ ಸಹಾಯಕ್ಕೆ ನಿಂತರೂ ಹೀಗೇ ಮಾಡಿ. ದುಡ್ಡು ಒಬ್ಬರ ಸ್ವಂತ ಖಾತೆಗೆ ಬೇಡ. ಬಂದದ್ದೆಷ್ಟು, ಕೊಟ್ಟದ್ದು ಯಾರಿಗೆ ಅಂತ ಬರೆದು ಎಲ್ಲರಿಗೂ ತೋರಿಸಿ. ಫಾರ್ಮ್ ತುಂಬಲು ಇಂಗ್ಲಿಷ್ ಸಲೀಸಾದ ಒಬ್ಬರು, ಕಾರಿಲ್ಲದವರನ್ನು ಕರೆದೊಯ್ಯಲು ಒಬ್ಬರು, ಊರಿಂದ ಬಂದಿರುವ ಅಪ್ಪ-ಅಮ್ಮಂದಿರ ಮಾತ್ರೆ ವಿಚಾರಿಸಲು ಒಬ್ಬರು. ಇಷ್ಟು ಹಂಚಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಇವತ್ತು ರಾತ್ರಿಯ ಮನೆಪಾಠ

● ಫೋನ್ ಹಿಡಿದು ಮನೆಯೆಲ್ಲ ಸುತ್ತಿ ವಿಡಿಯೋ ಮಾಡಿ. ಕಪಾಟು ತೆರೆದು ತೋರಿಸಿ.
● ಪಾಸ್‌ಪೋರ್ಟ್, ವೀಸಾ, ಐ-94, ಐ-797, ಮಕ್ಕಳ ಜನನ ಪತ್ರ, ಪಾಲಿಸಿ ಎಲ್ಲದರ ಫೋಟೋ ತೆಗೆದು ಕ್ಲೌಡಿನಲ್ಲಿಡಿ. ಊರಲ್ಲಿರುವ ನಂಬಿಕಸ್ಥರೊಬ್ಬರಿಗೂ ಕಳಿಸಿ.
● ಅಸಲು ಕಾಗದಗಳನ್ನು ಒಂದೇ ಚೀಲದಲ್ಲಿ ಹಾಕಿ, ಸೈರನ್ ಕೂಗಿದರೆ ನೀವು ಅಡಗುವ ಜಾಗದಲ್ಲೇ ಇಡಿ.
● ರೆಂಟರ್ಸ್ ಇನ್ಶೂರೆನ್ಸ್ ಇಲ್ಲದಿದ್ದರೆ ನಾಳೆಯೇ ಬೆಲೆ ವಿಚಾರಿಸಿ.

ಒಂದು ಗಂಟೆ ಹಿಡಿಯುವ ಕೆಲಸ. ಓದಿ ಪಕ್ಕಕ್ಕಿಡುವ ಮೊದಲು ವಿಡಿಯೋ ಒಂದನ್ನಾದರೂ ಮುಗಿಸಿ.