ಮೂತ್ರಪಿಂಡದ ನರಗಳೂ ತಾತನ ಬಿ.ಪಿ.ಯೂ

ನಮ್ಮ ತಾತನಿಗೆ ಬಿ.ಪಿ. ಇದೆ. ‘ಚೆನ್ನಾಗೇ ಇದೀನಲ್ಲ, ಮಾತ್ರೆ ಯಾಕ್ಲಾ?’ ಅಂತ ನುಂಗೋದು ಬಿಟ್ಟಿದ್ದರು. ಹೋದ ತಿಂಗಳು ಸಿಸ್ಟರ್ ಬಂದು ನೋಡಿದಾಗ 180/110 ಇತ್ತು! ತಾತನಿಗೆ ತಲೆನೋವೂ ಇರಲಿಲ್ಲ. ಅಟ್ಟಕ್ಕೆ ಕಾಯಿ ಏರಿಸುತ್ತಿದ್ದರು. ‘ಹಿಂಗೇ ಬಿಟ್ರೆ ಕಿಡ್ನಿ ಹೋಗುತ್ತೆ’ ಅಂದರು ಸಿಸ್ಟರ್. ಬಿ.ಪಿ.ಗೂ ಕಿಡ್ನಿಗೂ ಏನು ಸಂಬಂಧ? ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದದ್ದನ್ನು ಬರೆದಿದ್ದೇನೆ.

ರಕ್ತದೊತ್ತಡ ಎಂದರೇನು?
ಹೃದಯ ನೂಕಿದ ರಕ್ತವು ರಕ್ತನಾಳದ ಗೋಡೆಯನ್ನು ಒತ್ತುವ ಬಲವೇ ರಕ್ತದೊತ್ತಡ. 120/80ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಹೆಚ್ಚಿದ್ದರೆ ಅದು ಕಾಯಿಲೆ.

ನರ ಯಾವುದು?
ನಮ್ಮ ಕಡೆ ರಕ್ತನಾಳಕ್ಕೂ ನರ ಅಂತಾರೆ. ಎರಡೂ ಬೇರೆ. ರಕ್ತನಾಳ ಪೈಪು, ನರ ವೈರು. ಬೋರ್‌ವೆಲ್‌ಗೆ ಮೋಟಾರು ಇಳಿಸುವಾಗ ಪೈಪಿಗೆ ಕೇಬಲ್ ಕಟ್ಟಿ ಬಿಡೋದು ನೋಡಿದೀರಲ್ಲ? ಹಾಗೇ ಮೂತ್ರಪಿಂಡಕ್ಕೆ ರಕ್ತ ತರುವ ನಾಳದ ಸುತ್ತಲೇ ನರಗಳು ಹೋಗುತ್ತವೆ.

ಈ ನರಗಳ ಕೆಲಸವೇನು?
ಮಿದುಳಿನಿಂದ ಸುದ್ದಿ ಬಂದಾಗ ಮೂರು ಕೆಲಸ ಆಗುತ್ತವೆ:
1. ಮೂತ್ರಪಿಂಡವು ಉಪ್ಪು, ನೀರನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ.
2. ಅದರ ರಕ್ತನಾಳಗಳು ಕಿರಿದಾಗುತ್ತವೆ.
3. ರೆನಿನ್ ಎಂಬ ವಸ್ತು ರಕ್ತಕ್ಕೆ ಸೇರುತ್ತದೆ. ಇದರಿಂದ ಮೈಯ ರಕ್ತನಾಳಗಳೂ ಬಿಗಿಯಾಗುತ್ತವೆ.
ರೆನಿನ್ ಅನ್ನು 1898ರಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬುವರು ಮೊಲದ ಮೂತ್ರಪಿಂಡದಲ್ಲಿ ಕಂಡುಹಿಡಿದರು. ಗಾಯವಾಗಿ ರಕ್ತ ಹೋದಾಗ ಈ ಕೆಲಸವೇ ಜೀವ ಉಳಿಸುತ್ತದೆ. ಯಾವಾಗಲೂ ನಡೆಯುತ್ತಿದ್ದರೆ ಬಿ.ಪಿ. ಏರುತ್ತದೆ. ಬಿ.ಪಿ. ಏರಿದರೆ ಮೂತ್ರಪಿಂಡ ಕೆಡುತ್ತದೆ. ಕೆಟ್ಟ ಮೂತ್ರಪಿಂಡ ನರದ ಮೂಲಕ ಮಿದುಳಿಗೆ ದೂರು ಕಳಿಸುತ್ತದೆ, ಬಿ.ಪಿ. ಇನ್ನೂ ಏರುತ್ತದೆ!

ನರ ಕತ್ತರಿಸಿದರೆ?
ಒಳ್ಳೆಯ ಮಾತ್ರೆಗಳಿಲ್ಲದ 1940ರ ದಶಕದಲ್ಲಿ ವೈದ್ಯರು ಬೆನ್ನುಮೂಳೆಯ ಪಕ್ಕದ ನರಗಳನ್ನೇ ಕತ್ತರಿಸುತ್ತಿದ್ದರು. ಬಿ.ಪಿ. ಇಳಿಯುತ್ತಿತ್ತು, ಆದರೆ ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಈಗ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಮೂತ್ರಪಿಂಡದ ನರಗಳನ್ನು ಮಾತ್ರ ಬಿಸಿಯಿಂದ ಸುಡುತ್ತಾರೆ. 2014ರ ದೊಡ್ಡ ಪರೀಕ್ಷೆಯಲ್ಲಿ ಇದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆಮೇಲಿನ ಪರೀಕ್ಷೆಗಳಲ್ಲಿ ಬಿ.ಪಿ. ಸ್ವಲ್ಪ ಇಳಿಯಿತು. 2023ರಲ್ಲಿ ಅಮೆರಿಕಾ ಒಪ್ಪಿಗೆ ಕೊಟ್ಟಿತು. ಆದರೂ ಹೆಚ್ಚಿನವರಿಗೆ ಮಾತ್ರೆ ತಪ್ಪುವುದಿಲ್ಲ.

ನೆನಪಿಡಿ
ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಲೆಕ್ಕಕ್ಕೆ ಬರುತ್ತದೆ. ಎಳನೀರು ಬಿ.ಪಿ. ಮಾತ್ರೆಗೆ ಬದಲಲ್ಲ. ಕಿಡ್ನಿ ಕೆಟ್ಟವರು ಡಾಕ್ಟರನ್ನು ಕೇಳದೆ ಅದನ್ನು ಕುಡಿಯಬಾರದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿದೆ.

ನೋವಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ. ಈಗ ದಿನಾ ತಾತನಿಗೆ ಮಾತ್ರೆ ಕೊಡೋದು ನನ್ನ ಕೆಲಸ. ನಿಮ್ಮ ಮನೆಯ ಅಜ್ಜಿ ತಾತನ ಬಿ.ಪಿ. ಎಷ್ಟಿದೆ? ಇವತ್ತೇ ಕೇಳಿ.