ಕೆಲಸ ಎಲ್ಲಿ ನಿಂತಿದೆ? ಗ್ರಾಮ ಪಂಚಾಯತಿಗೊಂದು ಕಾರ್ಯಫಲಕ



ಹಮ್ಮಿಗಿಯ ಬಳಿ ತುಂಗಭದ್ರೆಗೆ ಕಟ್ಟಿರುವ ಬ್ಯಾರೇಜಿನಿಂದ ಸಿಂಗಟಾಲೂರು ಏತ ನೀರಾವರಿಯ ನೀರು ಮೇಲೇರಿ ಕಾಲುವೆಗೆ ಹರಿಯುತ್ತದೆ. ನದಿ ತುಂಬಿದ್ದು, ಪಂಪುಗಳು ನಡೆಯುತ್ತಿದ್ದರೂ ಕಾಲುವೆಯ ಒಂದೆಡೆ ಹೂಳು ತುಂಬಿದರೆ ಕೊನೆಯ ಹೊಲಕ್ಕೆ ನೀರು ತಲುಪದು. ಆಗ ಮಾಡಬೇಕಾದ ಮೊದಲ ಕೆಲಸ ತಡೆ ಇರುವ ಸ್ಥಳವನ್ನು ಗುರುತಿಸುವುದು. ಪಂಚಾಯತಿಯ ಕಡತಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಪಂಚಾಯತಿಯಲ್ಲಿ, ಬೇಸಿಗೆಯ ದಿನಗಳಲ್ಲಿ, ಒಂದು ಓಣಿಯ ಕೊಳವೆಬಾವಿಯ ಮೋಟಾರು ಸುಟ್ಟಿತು. ಸದಸ್ಯರು ನನಗೆ ತಿಳಿಸಿದರು. ನಾನು ವಾಟರ್‌ಮನ್‌ಗೆ ಹೇಳಿದೆ. ಅವರು ಮೋಟಾರನ್ನು ಮೇಲೆತ್ತಿ ದುರಸ್ತಿಗೆ ಕೊಟ್ಟರು. ದುರಸ್ತಿಯ ದರಪಟ್ಟಿ ಮಾತ್ರ ನನ್ನ ಮೇಜಿನ ಮೇಲೆ ಬೇರೆ ಕಡತಗಳ ಅಡಿಯಲ್ಲಿ ಒಂಬತ್ತು ದಿನ ಉಳಿಯಿತು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮುಗಿಯಿತೆಂದು ಭಾವಿಸಿದ್ದರು. ಓಣಿಯ ಹೆಣ್ಣುಮಕ್ಕಳು ದೂರದಿಂದ ಕೊಡ ಹೊರುತ್ತಿದ್ದರು. ತಪ್ಪು ನನ್ನದೇ. ಆದರೆ ಅದು ಯಾರ ಕಣ್ಣಿಗೂ ಬೀಳದಿರಲು ಕಾರಣ, ಕೆಲಸ ಎಲ್ಲಿ ನಿಂತಿದೆಯೆಂದು ತೋರಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲದಿದ್ದುದು.

ಅಂತಹ ವ್ಯವಸ್ಥೆಯೊಂದನ್ನು ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಅವರು 1950ರ ದಶಕದಲ್ಲಿ ರೂಢಿಗೆ ತಂದರು. ಅದರ ಹೆಸರು ‘ಕಾನ್‌ಬಾನ್’, ಅಂದರೆ ಫಲಕ. ಮುಂದಿನ ವಿಭಾಗದಿಂದ ಚೀಟಿ ಬಂದಷ್ಟೇ ಸಾಮಗ್ರಿಯನ್ನು ಹಿಂದಿನ ವಿಭಾಗ ತಯಾರಿಸಬೇಕೆಂಬುದು ಅದರ ನಿಯಮ. ಅದೇ ತತ್ವವನ್ನು ನಮ್ಮ ಕಚೇರಿಯ ಗೋಡೆಯ ಮೇಲೆ ಹೀಗೆ ಅಳವಡಿಸಬಹುದು:

1. ಒಂದು ಹಲಗೆಯ ಮೇಲೆ ನಾಲ್ಕು ಅಂಕಣಗಳನ್ನು ಎಳೆಯಬೇಕು: ಬಂದದ್ದು, ನಡೆಯುತ್ತಿರುವುದು, ತಡೆಯಲ್ಲಿರುವುದು, ಮುಗಿದದ್ದು.

2. ಒಂದು ಕೆಲಸಕ್ಕೆ ಒಂದೇ ಚೀಟಿ. ಅದರಲ್ಲಿ ಕೆಲಸ, ಸ್ಥಳ, ಬಂದ ದಿನಾಂಕ ಹಾಗೂ ಹೊಣೆ ಹೊತ್ತ ಸಿಬ್ಬಂದಿಯ ಹುದ್ದೆ ಇರಲಿ. ಉದ್ಯೋಗ ಖಾತರಿ ಕೂಲಿಯನ್ನು 15 ದಿನಗಳೊಳಗೆ ಪಾವತಿಸಬೇಕು. ಇಂತಹ ಕಾನೂನಿನ ಗಡುವನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಅರ್ಜಿದಾರರ ಹೆಸರು, ಮೊಬೈಲ್, ಆಧಾರ್ ವಿವರ ಬೇಡ. ಅರ್ಜಿ ಸಂಖ್ಯೆ ಸಾಕು.

3. ‘ನಡೆಯುತ್ತಿರುವುದು’ ಅಂಕಣದಲ್ಲಿ ಒಬ್ಬರಿಗೆ ಮೂರು ಚೀಟಿಗಳ ಮಿತಿ ಇರಲಿ. ಕುಡಿಯುವ ನೀರಿನಂತಹ ತುರ್ತು ಕೆಲಸ ಬಂದಾಗ ಒಂದು ಚೀಟಿಯನ್ನು ಹಿಂದಕ್ಕೆ ಸರಿಸಬೇಕು. ಯಾವುದನ್ನು ಸರಿಸಲಾಯಿತು ಎಂಬುದು ಎಲ್ಲರಿಗೂ ಕಾಣುತ್ತದೆ.

4. ಪ್ರತಿದಿನ ಬೆಳಿಗ್ಗೆ ಸಿಬ್ಬಂದಿಯು ಫಲಕದ ಮುಂದೆ ಹತ್ತು ನಿಮಿಷ ಸೇರಿ, ತಡೆಯಲ್ಲಿರುವ ಚೀಟಿಗಳನ್ನು ಮೊದಲು ಚರ್ಚಿಸಬೇಕು.

5. ಬಿಲ್ ಪಾವತಿಯಾದ ಮಾತ್ರಕ್ಕೆ ಕೆಲಸ ಮುಗಿದಂತಲ್ಲ. ನಳದಲ್ಲಿ ನೀರು ಬಂದ ಮೇಲೆಯೇ ಚೀಟಿಯು ಕೊನೆಯ ಅಂಕಣಕ್ಕೆ ಹೋಗಬೇಕು.

ಫಲಕವು ವಹಿಗಳಿಗೂ ಪಂಚತಂತ್ರ ತಂತ್ರಾಂಶದ ನಮೂದುಗಳಿಗೂ ಪರ್ಯಾಯವಲ್ಲ. ಅದು ನಿಲ್ಲುವುದೂ ಬೀಳುವುದೂ ತಮ್ಮ ನಡೆಯ ಮೇಲೆ. ಸದಸ್ಯರು ಅದನ್ನು ಸಿಬ್ಬಂದಿಯನ್ನು ನಿಂದಿಸುವ ಪಟ್ಟಿಯಾಗಿ ಬಳಸಿದರೆ, ಮರುದಿನದಿಂದಲೇ ಕಷ್ಟದ ಕೆಲಸಗಳ ಚೀಟಿಗಳು ಮರೆಯಾಗುತ್ತವೆ. ‘ಯಾರ ತಪ್ಪು?’ ಎನ್ನುವ ಬದಲು ‘ಯಾವ ತಡೆ? ಅದನ್ನು ತೆಗೆಯಲು ನಾವೇನು ಮಾಡಬೇಕು?’ ಎಂದು ಕೇಳಿದರೆ ಕೆಲಸ ಮುಂದೆ ಸಾಗುತ್ತದೆ. ತಮ್ಮ ವಾರ್ಡಿನ ಚೀಟಿಯನ್ನು ಮುಂದಕ್ಕೆ ತರಬೇಕೆನಿಸಿದಾಗಲೂ ಆ ಮಾತು ಸಭೆಯಲ್ಲಿಯೇ ಬರಲಿ.

ಅಭ್ಯಾಸ: ಮುಂದಿನ ಸಭೆಗೆ ಬಾಕಿ ಇರುವ ನೀರು ಹಾಗೂ ಬೀದಿದೀಪದ ದೂರುಗಳನ್ನು ಮಾತ್ರ ಚೀಟಿಗಳಲ್ಲಿ ಬರೆದು ತನ್ನಿರಿ. ಅತ್ಯಂತ ಹಳೆಯ ದಿನಾಂಕದ ಚೀಟಿ ಯಾವ ಅಂಕಣದಲ್ಲಿದೆ ಎಂದು ನೋಡಿರಿ. ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಬಹುದು.