ಹೇರ್‌ಪಿನ್ ತಿರುವಿನಲ್ಲಿ ಬೈಕ್ ಬೀಳುವುದೇಕೆ? ಬಿದ್ದ ಮೇಲೆ ಮತ್ತೆ ಓಡಿಸುವುದು ಹೇಗೆ?

ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಆಗುಂಬೆ ಘಾಟಿ ಸಿಗುತ್ತದೆ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಳೆಗಾಲ ಬಂತೆಂದರೆ ನಮ್ಮ ಹುಡುಗರಿಗೆಲ್ಲ ಬೈಕಿನಲ್ಲಿ ಅಲ್ಲಿಗೆ ಹೋಗಿಬರುವ ಆಸೆ. ಆಸೆ ಇರಲಿ, ಆದರೆ ತಿರುವಿನ ಲೆಕ್ಕವೂ ಗೊತ್ತಿರಲಿ. ನಾನು ಕಾಮರ್ಸ್ ವಿದ್ಯಾರ್ಥಿ. ಈ ಲೆಕ್ಕವನ್ನು ಸೈನ್ಸ್ ಸೆಕ್ಷನ್ನಿನ ಗೆಳೆಯನ ಹತ್ತಿರ ಕೂತು ಮಾಡಿಸಿಕೊಂಡೆ.

ಬೈಕ್ ತಿರುಗಬೇಕಾದರೆ ಟೈರು ರಸ್ತೆಯನ್ನು ಹಿಡಿದುಕೊಳ್ಳಬೇಕು. ವೇಗ ಎರಡು ಪಟ್ಟಾದರೆ ಬೇಕಾಗುವ ಹಿಡಿತ ನಾಲ್ಕು ಪಟ್ಟು. ಬೆಟ್ಟದ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆಯಂತೆ ಹೇರ್‌ಪಿನ್ನಿನ ಒಳಗಿನ ತ್ರಿಜ್ಯ ಕನಿಷ್ಠ 14 ಮೀಟರ್, ವೇಗ ಗಂಟೆಗೆ 20 ಕಿ.ಮೀ. ಆ ವೇಗದಲ್ಲಿ ಬೈಕು ಮತ್ತು ಸವಾರನ ಒಟ್ಟು ತೂಕದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹಿಡಿತ ಸಾಕು. 30ರಲ್ಲಿ ತೂಕದ ಅರ್ಧದಷ್ಟು ಬೇಕು. 40ರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೇಕು. ಒದ್ದೆ ರಸ್ತೆಯಲ್ಲಿ ಅಷ್ಟು ಹಿಡಿತ ನಮ್ಮ ಮಾಮೂಲಿ ಟೈರಿಗೆ ಸಿಗುವುದಿಲ್ಲ.

ಇನ್ನೊಂದು ವಿಷಯ. ತಿರುಗುವುದಕ್ಕೂ ಬ್ರೇಕಿಗೂ ಹಿಡಿತ ಒಂದೇ ಗಲ್ಲಾಪೆಟ್ಟಿಗೆಯಿಂದ ಬರಬೇಕು. ತಿರುವಿನ ನಡುವೆ ಗಾಬರಿಯಿಂದ ಬ್ರೇಕ್ ಒತ್ತಿದರೆ ಪೆಟ್ಟಿಗೆ ಖಾಲಿ, ಚಕ್ರ ಜಾರುತ್ತದೆ. ಎಬಿಎಸ್ ಇದ್ದರೂ ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು. ಆದ್ದರಿಂದ ತಿರುವು ಬರುವ ಮೊದಲೇ, ಬೈಕ್ ನೇರವಾಗಿರುವಾಗಲೇ ಬ್ರೇಕ್ ಹಿಡಿದು ಗೇರ್ ಇಳಿಸಬೇಕು. ಘಾಟಿ ಹತ್ತಲು ಯಾವ ಗೇರೋ ಇಳಿಯಲೂ ಅದೇ ಗೇರು ಎಂದು ನಮ್ಮ ಮಾಮು ಹೇಳುತ್ತಾರೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ಇಷ್ಟು ಕೆಟ್ಟ ಉಳಿತಾಯ ನನ್ನ ಅಕೌಂಟೆನ್ಸಿ ಪುಸ್ತಕದಲ್ಲೂ ಇಲ್ಲ.

ವೇಗ ಹೆಚ್ಚಾಗಿ ಎಡ ತಿರುವಿನಲ್ಲಿ ಹೊರಗೆ ಸರಿದರೆ ಎದುರು ಬರುವ ಬಸ್ಸಿನ ಮುಂದೆ ಹೋಗುತ್ತೀರಿ. ಬಲ ತಿರುವಿನಲ್ಲಾದರೆ ಚರಂಡಿ ಅಥವಾ ತಡೆಗೋಡೆ.

ಮೆಕ್ಯಾನಿಕ್ ಆಗಿರುವ ಮಾಮುವಿನ ಗ್ಯಾರೇಜಿಗೆ ಕಳೆದ ಮಳೆಗಾಲದಲ್ಲಿ ಬಂದದ್ದು ನಮ್ಮ ಖಾಲಾ ಮಗನ ಬೈಕು. ಭಾಯಿ ಘಾಟಿಯಲ್ಲಿ ಜಾರಿ ಬಿದ್ದಿದ್ದ. ಮೊಣಕೈ, ಮೊಣಕಾಲು ತರಚಿತ್ತು, ಹೆಲ್ಮೆಟ್ ನೆಲಕ್ಕೆ ಬಡಿದಿತ್ತು. ಹೊರಗೆ ಬರೀ ಗೀರು ಕಾಣುತ್ತಿದ್ದ ಆ ಹೆಲ್ಮೆಟ್ಟನ್ನು ಮಾಮು ಮೊದಲು ಒಡೆದು ಎಸೆದರು. ಒಳಗಿನ ಥರ್ಮಾಕೋಲಿನಂಥ ಪದರ ಪೆಟ್ಟನ್ನು ನುಂಗುವುದು ತಾನು ಕುಗ್ಗಿಯೇ. ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲ. ಆಮೇಲೆ ಮುಂದಿನ ಚಕ್ರ ಹ್ಯಾಂಡಲ್ಲಿಗೆ ನೇರವಾಗಿದೆಯೇ, ಫೋರ್ಕ್ ಬಾಗಿದೆಯೇ, ಆಯಿಲ್ ಸೋರುತ್ತಿದೆಯೇ, ಡಿಸ್ಕ್ ಉಜ್ಜುತ್ತಿದೆಯೇ ಎಂದು ಒಂದೊಂದೇ ನೋಡಿದರು. ತಲೆಗೆ ಪೆಟ್ಟಾದವರಿಗೆ ವಾಂತಿ, ತಲೆಸುತ್ತು, ಹೆಚ್ಚುವ ತಲೆನೋವು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೈಕ್ ಮಾತು ಆಮೇಲೆ.

ಬೈಕ್ ರಿಪೇರಿಯಾದರೂ ಸವಾರ ಆಗಿರಲಿಲ್ಲ. ಅದೇ ಘಾಟಿಗೆ ಹೋಗಿ ಭಯ ಬಿಡಿಸಿಕೊಳ್ಳುತ್ತೇನೆ ಎಂದ ಭಾಯಿ. ಮಾಮು ಕೀಲಿ ಕೊಡಲಿಲ್ಲ. ಹೆದರಿದವನ ಕೈ ಬಿಗಿಯಾಗುತ್ತದೆ, ಹ್ಯಾಂಡಲ್ ತಿರುಗುವುದಿಲ್ಲ, ಕಣ್ಣು ಚರಂಡಿಯಲ್ಲೇ ನಿಲ್ಲುತ್ತದೆ. ಕಣ್ಣು ಎಲ್ಲಿಗೋ ಬೈಕ್ ಅಲ್ಲಿಗೆ. ಅದಕ್ಕೇ ಈದ್ಗಾ ಮೈದಾನದಲ್ಲಿ ಎರಡನೇ ಗೇರಿನಲ್ಲಿ ದೊಡ್ಡ ಸುತ್ತು, ಆಮೇಲೆ ಸಣ್ಣ ಸುತ್ತು ಹಾಕಿಸಿದರು. ಮೊಣಕೈ ಸಡಿಲ, ಕತ್ತು ತಿರುವು ಮುಗಿಯುವ ಕಡೆಗೆ. ಮೂರು ವಾರ ಹೀಗೇ ನಡೆಯಿತು. ಬಲಕ್ಕಿಂತ ಎಡಕ್ಕೆ ತಿರುಗುವಾಗ ಅವನಿಗೆ ಹೆಚ್ಚು ಭಯ, ಏಕೆಂದರೆ ಬಿದ್ದದ್ದು ಎಡ ತಿರುವಿನಲ್ಲಿ.

ನಮ್ಮ ತರಗತಿಯ ಬಹುತೇಕರಿಗೆ 18 ತುಂಬಿಲ್ಲ, ಗೇರ್ ಬೈಕಿಗೆ ಲೈಸೆನ್ಸ್ ಸಿಗುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಓಡಿಸಿದವರಿಗೆ 25 ವರ್ಷದವರೆಗೆ ಲೈಸೆನ್ಸಿಲ್ಲ. ಹಾಗಾಗಿ ನಮಗೆ ಸದ್ಯ ಹಿಂದಿನ ಸೀಟೇ ಗತಿ. ಅಲ್ಲೂ ಕೆಲಸವಿದೆ: ಹೆಲ್ಮೆಟ್ ಹಾಕಿ, ತಿರುವಿನಲ್ಲಿ ಬೈಕ್ ಯಾವ ಕಡೆ ವಾಲುತ್ತದೋ ಅದೇ ಕಡೆ ಅದರ ಜೊತೆಗೇ ವಾಲಬೇಕು. ಹೆದರಿ ಎದುರು ಕಡೆಗೆ ಎದ್ದರೆ ಓಡಿಸುವವನಿಗೆ ತಿರುವು ಇನ್ನೂ ಕಷ್ಟವಾಗುತ್ತದೆ.